ನೀರಿಲ್ಲದ ಯೂನಿಟ್ಟು

ನನ್ನ ಮೂಗಿನಿಂದ ಒಂದೂವರೆ ಗೇಣು ದೂರದಲ್ಲಿ ಹನ್ನೊಂದು ಸಾವಿರ ವೋಲ್ಟು ಇತ್ತು!

ಗುಂಯ್ ಅನ್ನುತ್ತಿತ್ತು. ಜೇನುಗೂಡಿಗೆ ಕಿವಿ ಕೊಟ್ಟ ಹಾಗೆ.

ಬೆನ್ನ ಹಿಂದೆ ನವೀನ. ನನ್ನ ಬಲಗೈಯನ್ನು ತಿರುಚಿ ಹೆಗಲಿನವರೆಗೆ ಎತ್ತಿದ್ದ. ಅವನ ಇನ್ನೊಂದು ಕೈ ನನ್ನ ಕುತ್ತಿಗೆಯ ಮೇಲೆ. ಟ್ರಾನ್ಸ್‌ಫಾರ್ಮರ್ ಕಟ್ಟೆಯ ಮೇಲೆ ಹತ್ತಿಸಿ ನಿಲ್ಲಿಸಿದ್ದ.

"ಎಲ್ಲಿ ಅದಾನಲೇ ಕೆರಿಯಾ?"

"ಯಾವ ಕೆರಿಯ?"

ಒಂದು ಇಂಚು ಮುಂದೆ ತಳ್ಳಿದ.

"ಆಟ ಆಡಬ್ಯಾಡ ಮಗನ. ಹತ್ತು ಎಣಸ್ತೀನಿ. ಆಮ್ಯಾಲೆ ನಿನ್ನ ಬೂದಿ ಸೈತ ಸಿಗಂಗಿಲ್ಲ."

"ಹತ್ತರವರೆಗೆ ಬರ್ತದಾ ನಿಂಗೆ?"

ನನ್ನ ಬಾಯಿಯೇ ನನ್ನ ಶತ್ರು ರೈಟರ್ರೇ. ಬೇಕಿದ್ದರೆ ಹೇಳಿಕೆಯಲ್ಲಿ ಅದನ್ನೂ ಬರ್ಕೊಳ್ಳಿ. ಹೆಸರು ಪ್ರಮೋದ ನಾಯ್ಕ. ವಯಸ್ಸು ನಲವತ್ತೊಂಬತ್ತು. ಊರ ಶಾಲೆಯಲ್ಲಿ ಏಳನೇ ಇಯತ್ತೆ. ಹದಿನಾರು ವರ್ಷ ಲೈನ್‌ಮನ್ ಆಗಿದ್ದೆ. ನಾನು ಕಂಬದ ಮೇಲಿರುವಾಗ ಕರೆಂಟು ಬಿಟ್ಟ ಒಬ್ಬ ಕಂಟ್ರಾಕ್ಟರನ ದವಡೆ ಮುರಿದೆ. ಕೆಲಸ ಹೋಯಿತು. ಈಗ ಯಾರಿಗೆ ಏನು ಕಳೆದರೂ ನನ್ನನ್ನು ಕರೀತಾರೆ. ಕಳುವಾದ ಟ್ರಾಕ್ಟರು, ಓಡಿಹೋದ ಗುಮಾಸ್ತ, ಎಲ್ಲ ಹುಡುಕಿಕೊಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಹುಡುಕಲು ಹೋದದ್ದು ಕರೆಂಟನ್ನು!

ಎಲ್ಲಿದ್ದೆ? ಮಾಗೋಡಿನ ಹತ್ತಿರ, ಕೆಂಚಿನಹಳ್ಳದ ದಂಡೆಯ ಪವರ್‌ಹೌಸಿನಲ್ಲಿ. ಹಳ್ಳದ ನೀರನ್ನು ದೊಡ್ಡ ಪೈಪಿನಲ್ಲಿ ಗುಡ್ಡದಿಂದ ಇಳಿಸಿ ಕರೆಂಟು ಮಾಡುವ ಘಟಕ ಅದು. ಯಜಮಾನ ವೈಭವ ಅಂತ. ಬೆಂಗಳೂರು ಪಾರ್ಟಿ. ಈ ನವೀನ ಅವನ ಗೂಂಡಾ.

"ಏಳು... ಎಂಟು..."

ನನ್ನ ಎಡಗೈ ಖಾಲಿ ಇತ್ತು. ಶರ್ಟಿನ ಒಳಗೆ ತೂರಿಸಿದೆ. ಸೊಂಟದಲ್ಲಿ ಬೆಳ್ಳಿ ಉಡಿದಾರ. ಕೊಂಡಿ ಕಿತ್ತೆ.

"ಒಂಬತ್ತು..."

ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡು ಉಡಿದಾರವನ್ನು ಮೇಲಕ್ಕೆ ಎಸೆದೆ. ಎರಡು ತಂತಿಗಳ ಮೇಲೆ ಅಡ್ಡ ಬೀಳುವ ಹಾಗೆ.

ಢಮಾರ್!

ಕಣ್ಣು ಮುಚ್ಚಿದ್ದರೂ ಬಿಳಿ ಬೆಳಕು ಕಂಡಿತು. ಮೂವತ್ತು ಗ್ರಾಂ ಬೆಳ್ಳಿ ಹೊಗೆಯಾಗಿ ಹೋಯಿತು. ನನ್ನ ತಲೆಗೂದಲು ಸೀದು ಹೋಯಿತು. ನವೀನ ಕಣ್ಣು ಬಿಟ್ಟುಕೊಂಡೇ ಇದ್ದ. ಎರಡೂ ಕೈಯಲ್ಲಿ ಮುಖ ಹಿಡಿದು ಕಟ್ಟೆಯಿಂದ ಕೆಳಗೆ ಬಿದ್ದು ಕರುವಿನ ಹಾಗೆ ಅರಚಿದ. ಹುಬ್ಬು ಎರಡೂ ಇರಲಿಲ್ಲ!

ಬ್ರೇಕರ್ ಬಿತ್ತು. ಲೈನು ಸತ್ತಿತು.

ನಾನು ಓಡಬೇಕಿತ್ತು. ಓಡಲಿಲ್ಲ. ಅಲ್ಲೇ ನಿಂತೆ.

ಯಾಕೆಂದರೆ... ಸದ್ದೇ ಇರಲಿಲ್ಲ.

ನೋಡಿ, ತಿರುಗುತ್ತಿರುವ ಟರ್ಬೈನಿನ ಲೈನು ಫಕ್ಕನೆ ತಪ್ಪಿದರೆ ಏನಾಗ್ತದೆ? ಹಗ್ಗ ಹರಿದ ಎತ್ತು ಅದು. ಹೊರೆ ಇಲ್ಲ, ಹಿಡಿತ ಇಲ್ಲ. ಊಳಿಡುತ್ತದೆ. ಎರಡು ಮೈಲಿ ದೂರಕ್ಕೆ ಕೇಳ್ತದೆ. ನಾನು ಎಷ್ಟು ಸಲ ಕೇಳಿಲ್ಲ! ಇಲ್ಲಿ? ಒಳಗೆ ಎರಡು ಪೆಟ್ಟಿಗೆ ಪೀಂ ಎಂದು ಸುಮ್ಮನಾದವು. ಅಷ್ಟೇ.

ಒಂದು ನಿಮಿಷದ ಹಿಂದೆ ಮೀಟರು ಓಡುತ್ತಿದ್ದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಕರೆಂಟು ಹೊರಗೆ ಹೋಗುತ್ತಿತ್ತು. ಟರ್ಬೈನು ಮಾತ್ರ ಮಲಗಿತ್ತು!

ಗೇಟಿನವ ಕಬ್ಬಿಣದ ಪೈಪು ಎತ್ತಿಕೊಂಡು ಬಂದ. ಮೊದಲ ಪೆಟ್ಟು ಹೆಗಲಿಗೆ ಬಿತ್ತು. ಎರಡನೆಯದಕ್ಕೆ ಅವನು ಕೈ ಎತ್ತುವ ಮೊದಲೇ ಮೊಣಕಾಲಿಗೆ ಒದ್ದೆ. ಲಟಕ್ ಅಂದಿತು. ಅವನ ಪೈಪಿನಿಂದಲೇ ಅವನಿಗೆ ಎರಡು ಕೊಟ್ಟು ಗುಡ್ಡ ಹತ್ತಿದೆ.

ನೀರಿನ ಪೈಪಿನ ಗುಂಟ ಹತ್ತಿದೆ. ಕಾಲು ಜಾರಿ ಆ ಪೈಪಿಗೆ ಕೈ ಕೊಟ್ಟೆ. ಅಯ್ಯಪ್ಪಾ... ದೋಸೆ ಕಾವಲಿ! ಬಿಸಿಲಿಗೆ ಕಾದು ಕೆಂಡ. ಒಳಗೆ ನೀರಿದ್ದರೆ ಏಪ್ರಿಲಿನಲ್ಲೂ ತಣ್ಣಗಿರಬೇಕು. ಕಲ್ಲಿನಿಂದ ಬಡಿದೆ. ಖಾಲಿ ಡ್ರಮ್ಮಿನ ಸದ್ದು.

ಪೈಪಿನಲ್ಲಿ ಹನಿ ನೀರಿಲ್ಲ. ಮೀಟರಿನಲ್ಲಿ ಲಕ್ಷ ಯೂನಿಟ್ಟು!

ಬೈಕನ್ನು ಮೇಲೆ ರಸ್ತೆಯಲ್ಲಿ ಬಿಟ್ಟಿದ್ದೆ. ಮೊಬೈಲು ನವೀನನ ಕಿಸೆಯಲ್ಲೇ ಉಳಿಯಿತು. ಮಂಚಿಕೇರಿಯವರೆಗೆ ಹಿಂದೆ ನೋಡಲಿಲ್ಲ. ಅಲ್ಲಿ ಚಾ ಅಂಗಡಿಯವನ ಫೋನ್ ಇಸಕೊಂಡು ಪರಿಮಳಾ ಹೆಗಡೆಯವರಿಗೆ ಹಚ್ಚಿದೆ.

ನನ್ನನ್ನು ಕಳಿಸಿದವರು ಅವರೇ. ಪಕ್ಕದ ಹಳ್ಳದಲ್ಲಿ ಅರವತ್ತು ಮನೆಯವರು ಸೇರಿ ಒಂದು ಸಣ್ಣ ಘಟಕ ಕಟ್ಟಿದ್ದಾರೆ. ಅದರ ಮುಖ್ಯಸ್ಥೆ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಶಿರಸಿಯಲ್ಲಿ ದರ ಆಯೋಗದ ಹಿಯರಿಂಗ್. ಇಂಥ ಹಳ್ಳದ ಕರೆಂಟಿಗೆ ವಿದ್ಯುತ್ ಕಂಪನಿಯವರು ಯೂನಿಟ್ಟಿಗೆ ಎಷ್ಟು ಕೊಡಬೇಕು ಎಂದು ನಿಗದಿ ಮಾಡುವುದು.

"ಪ್ರಮೋದ, ಎಂತ ಸಿಕ್ತು?"

"ನೀರಿಲ್ಲ ಪರಿಮಳಕ್ಕಾ. ಟರ್ಬೈನು ತಿರುಗೋದಿಲ್ಲ. ಆದ್ರೂ ಕರೆಂಟು ಹೊರಗೆ ಹೋಗ್ತದೆ."

"ಎಲ್ಲಿಂದ?"

"ಹೊರಗಿಂದ ಒಳಗೆ ತರ್ತಾ ಇದ್ದಾರೆ. ಆ ಕಡೆ ರೈತರ ಪಂಪ್‌ಸೆಟ್ ಹೇಗಿದೆ?"

"ಸಂಕ್ರಾಂತಿಯಿಂದ ಹನ್ನೊಂದು ಮೋಟರು ಸುಟ್ಟಿದೆ. ವೋಲ್ಟೇಜೇ ಇಲ್ಲ ಅಂತಾರೆ..."

ಅಲ್ಲಿಗೆ ಗಂಟು ಬಿಚ್ಚಿತು. ಸರ್ಕಾರ ರೈತರ ಪಂಪಿಗೆ ಪುಕ್ಕಟೆ ಕರೆಂಟು ಕೊಡ್ತದೆ. ಇವನು ಅದನ್ನು ಕದ್ದು ತಂದು, ಹಳ್ಳದ ನೀರಿನಿಂದ ಮಾಡಿದ್ದು ಎಂದು ಅದೇ ಕಂಪನಿಗೆ ಮಾರುತ್ತಿದ್ದ! ಅವರದೇ ಹಸುವಿನ ಹಾಲು ಕರೆದು ಅವರ ಮನೆಗೇ ಮಾರಿದ ಹಾಗೆ.

"ಕಳ್ಳ ಅವನು. ನಿಮಗೇನು ನಷ್ಟ ಅಕ್ಕಾ?" ನಾನು ಕೇಳಿದೆ. ನಿಜವಾಗಿ ತಿಳಿದಿರಲಿಲ್ಲ.

ಪರಿಮಳಕ್ಕನಿಗೆ ಸಿಟ್ಟು ಬಂದರೆ ಮಾತು ನಿಧಾನ ಆಗ್ತದೆ.

"ಘಟಕಕ್ಕೆ ಹಾಕಿದ ದುಡ್ಡು, ಬಡ್ಡಿ, ರಿಪೇರಿ ಎಲ್ಲ ಕೂಡಿಸ್ತಾರೆ. ಈ ಹಳ್ಳಗಳಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಆಗ್ತದೋ ಅದರಿಂದ ಭಾಗಿಸ್ತಾರೆ. ಬಂದದ್ದು ದರ. ಯೂನಿಟ್ ಜಾಸ್ತಿ ಕಂಡರೆ ದರ ಕಡಿಮೆ. ಕಂಪನಿಯವರು ಹೇಳ್ತಾರೆ, ವೈಭವನದು ಏಪ್ರಿಲಿನಲ್ಲೂ ಓಡ್ತದೆ, ನಿಮ್ಮದು ಯಾಕೆ ಓಡೋದಿಲ್ಲ, ನಿಮ್ಮ ಸೋಮಾರಿತನಕ್ಕೆ ನಾವು ಯಾಕೆ ದುಡ್ಡು ಕೊಡಬೇಕು ಅಂತ. ಅವರು ಕೇಳೋದೂ ತಪ್ಪಲ್ಲ. ಜಾಸ್ತಿ ಕೊಟ್ಟರೆ ಕೊನೆಗೆ ಬಿಲ್ಲು ಕಟ್ಟುವವರು ಜನ. ನಾವು ಐದು ಇಪ್ಪತ್ತು ಕೇಳ್ತಾ ಇದ್ದೇವೆ. ಅವರು ಮೂರು ಅರವತ್ತು ಅಂತಾರೆ. ಮೂರು ಅರವತ್ತಾದರೆ ಬಡ್ಡಿಗೂ ಸಾಕಾಗೋದಿಲ್ಲ, ಘಟಕ ಹರಾಜು."

"ಅವನಿಗೂ ಅದೇ ದರ ಅಲ್ಲವಾ?"

"ಅವನ ಕರಾರು ಹಳೇ ದರದ್ದು. ಇಪ್ಪತ್ತು ವರ್ಷ ಅಲ್ಲಾಡೋದಿಲ್ಲ. ನಮ್ಮದೆಲ್ಲ ಹರಾಜಿಗೆ ಬಂದರೆ ಕೊಳ್ಳೋದು ಯಾರು ಅಂದ್ಕೊಂಡೆ?"

ನನ್ನ ಕಿವಿ ಬಿಸಿಯಾಯಿತು. ಇದು ಒಳ್ಳೆಯ ಲಕ್ಷಣ ಅಲ್ಲ.

"ಕೆರಿಯ ಯಾರು? ಅವನನ್ನು ಕೇಳಿಯೇ ನನ್ನ ಸುಡೋದಕ್ಕೆ ಹೊರಟಿದ್ದರು."

"ಆ ಪವರ್‌ಹೌಸಿನ ಆಪರೇಟರು! ನಾಲ್ಕು ದಿನದಿಂದ ಇಲ್ಲ. ಅವನ ಹೆಂಡತಿ ದುರ್ಗಿ, ಸಿದ್ದಾಪುರ ಕಡೆ, ತ್ಯಾಗಲಿಯವಳು. ಪಿಕಪ್ ಗಾಡಿಯಲ್ಲಿ ದರಕು ಹೊಡೀತಾಳೆ. ಇವತ್ತು ಹೇರೂರಿಗೆ ಲೋಡು ಅಂತ ಕೇಳಿದ್ದೆ. ಪ್ರಮೋದ... ಅವನು ಅವರ ಕೈಗೆ ಸಿಕ್ಕಿದರೆ ಉಳಿಯೋದಿಲ್ಲ."

ಫೋನಿಟ್ಟು ಹೊರಟೆ. ಶಿರಸಿ ಪೇಟೆಯಲ್ಲಿ ಕನ್ನಡಿಯೊಳಗೆ ಒಂದು ಕಪ್ಪು ಜೀಪು ಕಂಡಿತು. ಮಾರ್ಕೆಟ್ಟಿನ ಗಲ್ಲಿಯಲ್ಲಿ ನಾಲ್ಕು ಸುತ್ತು ಹಾಕಿದೆ. ಜೀಪು ಕಾಣಲಿಲ್ಲ. ತಪ್ಪಿತು ಅಂದುಕೊಂಡೆ.

ಆ ತಪ್ಪು ನನ್ನದೇ. ಅದನ್ನೂ ಬರ್ಕೊಳ್ಳಿ.

ಹೇರೂರಿನ ತಿರುವಿನಲ್ಲಿ ಅವಳ ಪಿಕಪ್ ನಿಂತಿತ್ತು. ದರಕಿನ ಲೋಡು. ನೀವು ಬಯಲುಸೀಮೆಯವರು, ಗೊತ್ತಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಬೆಟ್ಟದ ಒಣ ಎಲೆ ಗುಡಿಸಿ ಕೊಟ್ಟಿಗೆಗೆ ಹಾಸಲು ತರ್ತಾರೆ. ಗಾಡಿಗಿಂತ ಎರಡು ಪಟ್ಟು ಎತ್ತರಕ್ಕೆ ತುಂಬಿ, ಮೇಲೆ ಬಲೆ ಹಾಕಿ ಹಗ್ಗ ಬಿಗೀತಾರೆ. ದೂರದಿಂದ ಗುಡ್ಡವೇ ನಡೆದು ಬಂದ ಹಾಗೆ ಕಾಣ್ತದೆ.

ದುರ್ಗಿ ಚಕ್ರಕ್ಕೆ ಗಾಳಿ ನೋಡುತ್ತಿದ್ದಳು. ನಲವತ್ತರ ಹೆಂಗಸು. ಸೀರೆ ಮೇಲೆ ಗಂಡಸರ ಅಂಗಿ. ನನ್ನನ್ನು ಕಂಡದ್ದೇ ಸೀಟಿನ ಕೆಳಗಿಂದ ಕತ್ತಿ ಎಳೆದಳು.

"ಕೆರಿಯ ಎಲ್ಲಿ ತಂಗೀ?"

"ಸತ್ತ."

"ಯಾವಾಗ?"

"ನೀ ಇನ್ನೊಂದ್ಸಲ ಕೇಳಿದ್ರೆ ನಿಂದೂ ಅದೇ ಹೊತ್ತು."

"ಪರಿಮಳಕ್ಕ ಕಳ್ಸಿದ್ದು. ಮಧ್ಯಾಹ್ನ ಹಿಯರಿಂಗಲ್ಲಿ ಅಂವ ಮಾತಾಡ್ಬೇಕು."

"ಅಂವ ಬಾಯಿ ಬಿಟ್ರೆ ಕೊಲ್ತ್ರು."

"ಬಿಡದಿದ್ರೂ ಕೊಲ್ತಾರೆ. ಗುಟ್ಟು ಹೊಟ್ಟೇಲಿ ಇದ್ದಷ್ಟು ದಿನ ಅವನ್ನ ಹುಡುಕ್ತಾರೆ. ನೂರು ಜನರ ಎದುರು ಕಕ್ಕಿಬಿಟ್ರೆ ಆಮೇಲೆ ಕೊಂದು ಎಂತ ಸಿಗ್ತದೆ?"

"ನೀ ಎಂತ, ವಕೀಲನಾ?"

"ಅಲ್ಲ. ಪ್ರಮೋದ ಅಂತ. ಹಳೇ ಲೈನ್‌ಮನ್."

"ಹಂಗಾದ್ರೆ ಕಂಬ ಹತ್ತು ಹೋಗು!"

ಆಗ ದರಕು ಸೀನಿತು.

ಹೌದು ರೈಟರ್ರೇ. ದರಕೇ ಸೀನಿದ್ದು! ಎರಡು ಸಲ.

ದುರ್ಗಿ ಹಣೆ ಚಚ್ಚಿಕೊಂಡಳು. ನಾಲ್ಕು ದಿನದಿಂದ ಗಂಡನನ್ನು ಲೋಡಿನ ನಡುವೆ ಗೂಡು ಮಾಡಿ ಕೂರಿಸಿಕೊಂಡು ಊರೂರು ಹೊಡೆಯುತ್ತಿದ್ದಳು! ಅವರ ಮನೆ ಜಾಲಾಡಿದರು, ಬಾವಿ ಇಣುಕಿದರು. ಎಲೆಯೊಳಗೆ ಯಾರು ಹುಡುಕ್ತಾರೆ?

"ದುರ್ಗೀ..." ಎಲೆಯೊಳಗಿಂದ ದನಿ. "ಅಂವ ಹೇಳೂದು ಸಮ ಅದೆ."

"ನೀ ಸುಮ್ನಿರು! ನಿನ್ನ ಸಮ ನೋಡಿಯೇ ಈ ಗತಿ ಬಂದದ್ದು!"

"ಕೇಬಲ್ ಎಳ್ದಂವ ನಾನು. ಸೋಲಾರ್ ಟೆಸ್ಟಿಂಗು ಅಂದ್ರು, ಜೋಡ್ಸಿಕೊಟ್ಟೆ. ಮೋಟರು ಸುಡೂಕೆ ಹಿಡೀತು, ಗೊತ್ತಾಯ್ತು. ಎಷ್ಟು ದಿನ ಅಂತ ಇಲ್ಲಿ ಕೂರ್ಲಿ? ಬೀಡಿನೂ ಇಲ್ಲ..."

ದುರ್ಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸುಟ್ಟ ಕೂದಲು, ಊದಿದ ಹೆಗಲು.

"ಪ್ರಮೋದಣ್ಣಾ, ನಂಗೆ ಅಂವ ಜೀವಂತ ಬೇಕು. ಕೈಕಾಲು ಮುರಿದ್ರೂ ಅಡ್ಡಿಲ್ಲ. ಜೈಲಿಗೆ ಹೋದ್ರೂ ಅಡ್ಡಿಲ್ಲ. ಜೀವಂತ."

"ಜೀವಂತ ಉಳಿಸಿಕೊಡ್ತೆ."

ಹಾಗೆಲ್ಲ ಮಾತು ಕೊಡಬಾರದು. ಕೊಟ್ಟುಬಿಟ್ಟೆ.

ಅಷ್ಟರಲ್ಲಿ ತಿರುವಿನಾಚೆ ಧೂಳು ಎದ್ದಿತು. ಕಪ್ಪು ಜೀಪು!

"ಹತ್ತು!" ದುರ್ಗಿ ಕೂಗಿದಳು.

ಬೈಕನ್ನು ಅಲ್ಲೇ ಕೆಡವಿ ಪಿಕಪ್ಪಿಗೆ ಹಾರಿದೆ. ದುರ್ಗಿ ಗಾಡಿ ಹೊಡೆದದ್ದು ಹೇಗೆ ಅಂತೀರಿ! ಲೋಡು ಎಡಕ್ಕೆ ವಾಲಿದರೆ ನನ್ನ ಕರುಳು ಬಲಕ್ಕೆ. ಜೀಪು ಹಿಂದಿನಿಂದ ಗುದ್ದಿತು. ಒಮ್ಮೆ. ಇನ್ನೊಮ್ಮೆ. ಕನ್ನಡಿಯಲ್ಲಿ ನವೀನ ಕಂಡ. ಮುಖಕ್ಕೆ ಬಿಳಿ ಮುಲಾಮು, ಹುಬ್ಬಿಲ್ಲದ ಹಣೆ. ಅವನು ಡ್ರೈವ್ ಮಾಡುತ್ತಿದ್ದ. ಪಕ್ಕದವನ ಕೈಯಲ್ಲಿ ಬಾಟ್ಲಿ. ಬಾಟ್ಲಿಯ ಬಾಯಿಗೆ ಬಟ್ಟೆ. ಬಟ್ಟೆಗೆ ಬೆಂಕಿ.

"ಪೆಟ್ರೋಲು! ದುರ್ಗೀ, ಬೇಗ!"

"ಇದು ವಿಮಾನ ಅಂದ್ಕಂಡ್ಯಾ?"

ಬಾಟ್ಲಿ ಬಂತು. ಲೋಡಿನ ಹಿಂಭಾಗಕ್ಕೆ ಬಿತ್ತು.

ಏಪ್ರಿಲಿನ ಒಣ ಎಲೆ. ಹೇಳಬೇಕಾ? ಭಗ್!

ಒಳಗಿಂದ ಕೆರಿಯ ಕೂಗಿದ. ಆ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ. ದುರ್ಗಿ ಹಿಂದೆ ನೋಡಲಿಲ್ಲ. ತುಟಿ ಕಚ್ಚಿದಳು. ಕತ್ತಿಯನ್ನು ನನ್ನ ತೊಡೆಯ ಮೇಲೆ ಎಸೆದಳು.

"ನಿಲ್ಸಿದ್ರೆ ಅವರು ಕೊಲ್ತ್ರು. ನಿಲ್ಸದಿದ್ರೆ ಬೆಂಕಿ ಕೊಲ್ತದೆ. ಹೋಗು ಮೇಲೆ!"

ಓಡುವ ಗಾಡಿಯ ಬಾಗಿಲು ತೆಗೆದು ಮೇಲೆ ಹತ್ತಿದೆ. ಹೊಗೆಗೆ ಕಣ್ಣು ಕಾಣಲಿಲ್ಲ. ಒಂದು ಕೊಂಬೆ ಬೆನ್ನಿಗೆ ಬಾರಿಸಿತು. ಮುಂದಿನ ಬಲೆ ಕೊಯ್ದು ಎಲೆಯೊಳಗೆ ತೋಳು ತೂರಿಸಿದೆ. ಕೂದಲು ಸಿಕ್ಕಿತು. ಎಳೆದೆ! ಕೆರಿಯ ಅರ್ಧ ಹೊರಬಂದ. ಗಡ್ಡ ಸುಟ್ಟಿತ್ತು, ಎಡಗೈ ಬೊಬ್ಬೆ ಎದ್ದಿತ್ತು.

"ಕ್ಯಾಬಿನ್ ಮೇಲೆ ಮಲ್ಕೊ! ಹಿಡ್ಕೊ!"

ಆಮೇಲೆ ಹಿಂದಿನ ಹಗ್ಗ. ಒಂದು ಏಟು. ಎರಡು. ಜೀಪು ನಮ್ಮ ಬಾಲಕ್ಕೇ ಅಂಟಿಕೊಂಡು ಬರುತ್ತಿತ್ತು. ನವೀನ ಮೇಲೆ ನೋಡಿದ. ನಾನು ಹಲ್ಲು ಕಿರಿದೆ.

ಮೂರನೆಯ ಏಟಿಗೆ ಹಗ್ಗ ಹರಿಯಿತು.

ಬೆಂಕಿಯ ಬೆಟ್ಟ ಇಡಿಯಾಗಿ ಜಾರಿ ಜೀಪಿನ ಮೂತಿಯ ಮೇಲೆ ಬಿತ್ತು! ಗಾಜು, ಬಾನೆಟ್ಟು ಏನೂ ಕಾಣಲಿಲ್ಲ. ಬೆಂಕಿಯ ಉಂಡೆಯೊಂದು ರಸ್ತೆ ಬಿಟ್ಟು ಮೋರಿಯ ಕಲ್ಲಿಗೆ ಬಡಿಯಿತು. ನವೀನ ಗಾಜು ಒಡೆದುಕೊಂಡು ಹೊರಗೆ ಬಂದ. ತಲೆ ಮೊದಲು. ಇನ್ನೊಬ್ಬ ಬಾಗಿಲು ತೆಗೆದು ಗದ್ದೆಯಲ್ಲಿ ಉರುಳಾಡಿದ.

"ದುರ್ಗೀ, ನಿಲ್ಸು!"

"ಎಂತಕ್ಕೆ? ಅವ್ರಿಗೆ ನೀರು ಕುಡಸೂಕಾ?"

ನಿಲ್ಲಿಸಲಿಲ್ಲ. ಇಬ್ಬರೂ ಬದುಕಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ ಅಂತ ನೀವೇ ಹೇಳಿದ್ದು. ಸಂತೋಷ. ಹೆಚ್ಚು ಸಂತೋಷ ಇಲ್ಲ.

ಮೂರು ಗಂಟೆಗೆ ಶಿರಸಿಯ ಸಭಾಭವನ. ನಾವು ಮೂವರೂ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆವು. ವೇದಿಕೆಯ ಮೇಲೆ ಆಯೋಗದ ಮೂವರು. ಒಂದು ಕಡೆ ಕಂಪನಿಯ ಇಂಜಿನಿಯರ್ ದಿವ್ಯಾ ಮೇಡಂ. ಇನ್ನೊಂದು ಕಡೆ ಪರಿಮಳಕ್ಕ. ನಡುವೆ ಮೈಕ್ ಹಿಡಿದು ವೈಭವ. ಬಿಳಿ ಶರ್ಟು, ಇಸ್ತ್ರಿ ಮಾಡಿದ ನಗು.

"ಸರ್, ಹಳ್ಳವನ್ನು ದೂರುವುದರಲ್ಲಿ ಅರ್ಥವಿಲ್ಲ. ಮ್ಯಾನೇಜ್‌ಮೆಂಟ್ ಚೆನ್ನಾಗಿದ್ದರೆ ಬೇಸಿಗೆಯಲ್ಲೂ ಜನರೇಶನ್ ಬರುತ್ತದೆ. ನಮ್ಮ ಮೀಟರ್ ನೋಡಿ."

"ಮೀಟರ್ ಪ್ರತಿ ತಿಂಗಳು ನಾನೇ ಓದಿದ್ದೇನೆ," ದಿವ್ಯಾ ಮೇಡಂ ಹೇಳಿದರು. "ರೀಡಿಂಗ್ ಸರಿ ಇದೆ. ಅದಕ್ಕೇ ನಮ್ಮ ಕಂಪನಿ ಮೂರು ಅರವತ್ತಕ್ಕಿಂತ ಜಾಸ್ತಿ ಕೊಡಲು ಒಪ್ಪುವುದಿಲ್ಲ."

ಪರಿಮಳಕ್ಕ ಎದ್ದರು. ಕೈಯಲ್ಲಿ ಒಂದು ದಿನಪತ್ರಿಕೆ.

"ಸಭಾಪತಿಗಳೇ, ಈ ಫೋಟೋ ಯಾರದು ಕೇಳಿ."

ವೈಭವನದೇ ಫೋಟೋ. ಕೊರಳಿಗೆ ಹಾರ, ಕೈಯಲ್ಲಿ ಗುದ್ದಲಿ, ಸುತ್ತ ಊರ ಜನ. 'ಉದ್ಯಮಿಯಿಂದ ಶ್ರಮದಾನ, ಗ್ರಾಮಸ್ಥರಿಗೆ ಉಪಾಹಾರ.' ಜನವರಿ ಹತ್ತೊಂಬತ್ತು.

"ಹೌದು, ನಾನೇ," ವೈಭವ ನಕ್ಕ. "ಊರಿನ ಒಂದು ಫಂಕ್ಷನ್. ಕರೆದಿದ್ದರು, ಹೋಗಿದ್ದೆ."

"ಎಂತ ಫಂಕ್ಷನ್ ಅದು?"

"ಏನೋ ಕಟ್ಟೆ ಕಟ್ಟುವುದು..."

"ಏನೋ ಕಟ್ಟೆ ಅಲ್ಲ. ಒಡ್ಡು!" ಪರಿಮಳಕ್ಕ ಸಭೆಯತ್ತ ತಿರುಗಿದರು. "ಸಂಕ್ರಾಂತಿ ಕಳೆದ ಮೇಲೆ ಮನೆಗೊಂದು ಆಳು ಸೇರಿ ಹಳ್ಳಕ್ಕೆ ಅಡ್ಡ ಕಲ್ಲು, ಮಣ್ಣು, ಸೊಪ್ಪು ತುಂಬ್ತೇವೆ. ಇದ್ದಬದ್ದ ನೀರೆಲ್ಲ ಕಾಲುವೆಯಲ್ಲಿ ತೋಟಕ್ಕೆ. ಮಳೆಗಾಲದವರೆಗೆ ಕೆಳಗಿನ ಹಳ್ಳಕ್ಕೆ ಒಂದು ಚೊಂಬು ನೀರೂ ಹೋಗೋದಿಲ್ಲ. ಇವರ ಪೈಪು ಆ ಒಡ್ಡಿನ ಕೆಳಗೇ ಇರೋದು!"

ಸಭೆಯಲ್ಲಿ ಒಬ್ಬ ನಕ್ಕ. ಆಮೇಲೆ ಹತ್ತು ಜನ. ಆಮೇಲೆ ಇಡೀ ಸಭೆ.

ಫೋಟೋದ ಆಸೆಗೆ ಗುದ್ದಲಿ ಹಿಡಿದು ತನ್ನ ನೀರನ್ನು ತಾನೇ ಕಟ್ಟಿದ್ದ! ಊರವನಾಗಿದ್ದರೆ ಗೊತ್ತಿರುತ್ತಿತ್ತು. ಇವನಿಗೆ ಅದು ಹಾರ ಮತ್ತು ಅವಲಕ್ಕಿ.

ಸಭಾಪತಿ ನಗಲಿಲ್ಲ. "ನೀರಿಲ್ಲದಿದ್ದರೆ ಕರೆಂಟ್ ಎಲ್ಲಿಂದ ಬಂತು?"

"ನಾ ಹೇಳ್ತೆ ಸಾಹೇಬ್ರೆ!"

ಬಾಗಿಲಲ್ಲಿ ಕೆರಿಯ. ಮೈತುಂಬ ಮಸಿ, ತಲೆಯಲ್ಲಿ ಎಲೆ. ಒಂದು ಕಡೆ ದುರ್ಗಿ, ಒಂದು ಕಡೆ ನಾನು. ವೈಭವನ ನಗುವಿನ ಇಸ್ತ್ರಿ ಹೋಯಿತು.

ಕೆರಿಯ ಎಲ್ಲ ಹೇಳಿದ. ಪಂಪ್‌ಸೆಟ್ಟಿನ ಟ್ರಾನ್ಸ್‌ಫಾರ್ಮರಿನಿಂದ ನೆಲದಡಿ ಕೇಬಲ್. ಪವರ್‌ಹೌಸಿನ ಹಿಂಗೋಡೆಯಲ್ಲಿ ತೂತು. ಒಳಗೆ ಸೋಲಾರಿನವರು ಇಡುವಂಥ ಎರಡು ಇನ್ವರ್ಟರ್ ಪೆಟ್ಟಿಗೆ. ಅಲ್ಲಿಂದ ಮೀಟರು. "ಗುಂಡಿ ತೋಡ್ದಂವ ನಾನು. ಜೋಡ್ಸಿದಂವ ನಾನು. ಮಾಡ್ಸಿದ್ದು ಅವರು."

"ಸುಳ್ಳು! ಯಾರೋ ಕುಡುಕನ ಮಾತು!" ವೈಭವ ಕೂಗಿದ.

ದಿವ್ಯಾ ಮೇಡಂ ಸಬ್‌ಸ್ಟೇಶನ್ನಿನವರಿಗೆ ಫೋನ್ ಹಚ್ಚಿ ಮೈಕಿನ ಹತ್ತಿರ ಇಟ್ಟರು. ಬೆಳಿಗ್ಗೆ ನಾನು ಕೆಡವಿದ ಬ್ರೇಕರನ್ನು ವೈಭವನ ಕಡೆಯವರು ಮತ್ತೆ ಎತ್ತಿದ್ದರು. ಹಿಯರಿಂಗ್ ದಿನ ಮೀಟರ್ ನಿಲ್ಲಬಾರದಲ್ಲ!

"ದೇವಕಿ, ಆ ಪಂಪ್‌ಸೆಟ್ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಮ್ಮ ಲೈನ್‌ಮನ್ ಇದ್ದಾನಾ? ಬಂದ್ ಮಾಡಿಸಿ. ವೈಭವ್ ಅವರ ಲೈನಿನಲ್ಲಿ ಎಷ್ಟು ಬರ್ತಾ ಇದೆ, ಸಬ್‌ಸ್ಟೇಶನ್ನಿನಿಂದ ನೋಡಿ ಹೇಳಿ."

ಫೋನಿನಲ್ಲಿ ಹೆಣ್ಣು ದನಿ.

"ಬಂದ್ ಆಯ್ತು ಮೇಡಂ... ಅರೆ! ಪವರ್‌ಹೌಸಿಂದು ಸೊನ್ನೆ ಆಯ್ತು! ಪೂರ್ತಿ ಸೊನ್ನೆ!"

ದಿವ್ಯಾ ಮೇಡಂ ಫೋನ್ ಎತ್ತಿಕೊಂಡು ವೈಭವನನ್ನು ನೋಡಿದರು. "ನನ್ನ ಸಹಿ ಹಾಕಿಸಿ ನನಗೇ ಮಾರಿದ್ದೀರಿ."

ಸಭಾಪತಿ ಅಲ್ಲೇ ಹೇಳಿದರು. ವೈಭವನ ಯೂನಿಟ್ಟು ಒಂದೂ ಲೆಕ್ಕಕ್ಕಿಲ್ಲ. ಮೂರು ಅರವತ್ತು ಬಿದ್ದುಹೋಯಿತು. ಪರಿಮಳಕ್ಕ ಕೇಳಿದ ಐದು ಇಪ್ಪತ್ತನ್ನೂ ಕಣ್ಣು ಮುಚ್ಚಿ ಕೊಡುವುದಿಲ್ಲ. ನಿಜವಾದ ಹಳ್ಳ, ನಿಜವಾದ ಖರ್ಚು ನೋಡಿ ದರ ಕಟ್ಟುತ್ತಾರೆ. "ಕೊಡುವವರಿಗೂ ಕೊಳ್ಳುವವರಿಗೂ ಸರಿ ಅನ್ನಿಸಬೇಕು," ಅಂದರು.

"ಅಷ್ಟು ಸಾಕು," ಪರಿಮಳಕ್ಕ ಹೇಳಿದರು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಕೆರಿಯ ತಾನೇ ಜೋಡಿಸಿದೆ ಎಂದು ನೂರು ಜನರ ಎದುರು ಒಪ್ಪಿಕೊಂಡಿದ್ದಾನೆ. ನಿಮ್ಮ ಸಾಹೇಬ್ರು ಬಂದು ಅವನ ಕೈ ಹಿಡಿದರು. ವಿದ್ಯುತ್ ಕಳವು, ಒಂದನೇ ಆರೋಪಿ. ಕಾನೂನು ಹಾಗೇ ಇದೆ, ನಿಮ್ಮನ್ನು ಬೈಯೋದಿಲ್ಲ. ವೈಭವ? "ನನಗೆ ಗೊತ್ತೇ ಇರಲಿಲ್ಲ, ಆಪರೇಟರ್ ನನ್ನ ಬೆನ್ನ ಹಿಂದೆ ಮಾಡಿದ್ದು," ಅಂದ. ವಕೀಲನಿಗೆ ಫೋನ್ ಹಚ್ಚಿಕೊಂಡು ಆರಾಮಾಗಿ ಮೆಟ್ಟಿಲು ಇಳಿದ.

ಕೆರಿಯನ ಪಕ್ಕ ಬಂದಾಗ ಒಂದು ಕ್ಷಣ ನಿಂತ. ಮೆಲ್ಲಗೆ ಹೇಳಿದ. ನಾನೂ ಕೇಳಿದೆ, ದುರ್ಗಿಯೂ ಕೇಳಿದಳು.

"ರಾತ್ರಿ ಎಷ್ಟು ಉದ್ದ ಗೊತ್ತಾ ಕೆರಿಯಾ? ಒಳಗಿರುವವರು ಪಾಪ, ಪಂಚೆಯಲ್ಲೇ ನೇಣು ಹಾಕಿಕೊಳ್ಳುತ್ತಾರೆ. ನಾಳೆ ಕೋರ್ಟಿನಲ್ಲಿ ಹೇಳಿಕೆಗೆ ಸಹಿ ಮಾಡುವವರು ಇರುವುದೇ ಇಲ್ಲ."

ದುರ್ಗಿಯ ಕೈ ಸೊಂಟದ ಕತ್ತಿಗೆ ಹೋಯಿತು. ನಾನು ಆ ಕೈ ಹಿಡಿದೆ. ಇವಳೂ ಒಳಗೆ ಹೋದರೆ ಆ ಮನೆಯಲ್ಲಿ ಒಲೆ ಹಚ್ಚುವವರಿಲ್ಲ.

"ಪ್ರಮೋದಣ್ಣಾ... ಜೀವಂತ ಅಂದಿದ್ದೆ ನೀನು."

"ಹೌದು. ಅಂದಿದ್ದೆ."

ನನ್ನ ತಲೆ ಯಾವತ್ತೂ ನಿಧಾನ. ಇವತ್ತು ಮಾತ್ರ ಬೇಗ ಓಡಿತು. ಕೆರಿಯ ಒಳಗೆ ಹೋಗ್ತಾನೆ. ಅವನ ಪಕ್ಕ ಎಚ್ಚರ ಕೂರಲು ಒಬ್ಬ ಬೇಕು. ಸುಮ್ಮನೆ ಹೋಗಿ ಒಳಗೆ ಬಿಡಿ ಅಂದರೆ ನೀವು ಬಿಡ್ತೀರಾ? ಅದಕ್ಕೆ ಟಿಕೆಟ್ ಬೇಕು.

"ವೈಭವ್ ಸಾಹೇಬ್ರೆ!" ಕರೆದೆ.

ತಿರುಗಿದ. ಆ ನಗು ಮತ್ತೆ ಬಂದಿತ್ತು.

ಹೊಡೆದೆ.

ಹದಿನಾರು ವರ್ಷ ಕಂಬ ಹತ್ತಿದ ಕೈ ಅದು. ಎರಡು ಮೆಟ್ಟಿಲು ಗಾಳಿಯಲ್ಲೇ ಇಳಿದ. ಮೂರನೆಯದಕ್ಕೆ ಮುಖ ಕೊಟ್ಟ. ಎದ್ದು ಕೂತಾಗ ಇನ್ನೊಂದು ಕೊಟ್ಟೆ. ಎರಡೂ ನಿಮ್ಮ ಸಾಹೇಬರ ಎದುರೇ. ಆಮೇಲೆ ಎರಡೂ ಕೈ ಮುಂದೆ ಚಾಚಿದೆ. "ನಡೀರಿ, ಯಾವ ಕೋಣೆ?" ಅಂದೆ.

ಇಷ್ಟೇ ನನ್ನ ಹೇಳಿಕೆ. ನಿಮ್ಮ ಮೇಲೆ ಅನುಮಾನ ಅಲ್ಲ, ನೀವು ಚಾ ಕೊಡಿಸಿದ್ದೀರಿ. ಆದರೂ ಕೆರಿಯನ ಕೋಣೆಯಲ್ಲೇ ನನ್ನನ್ನೂ ಹಾಕಿ. ನಾಳೆ ಕೋರ್ಟಿಗೆ ಇಬ್ಬರನ್ನೂ ಒಟ್ಟಿಗೇ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ನಾನು ಮಲಗೋದಿಲ್ಲ.

ಸಹಿ ಎಲ್ಲಿ ಹಾಕಬೇಕು? ತಡೀರಿ, ಓದ್ತೇನೆ... 'ಫಿರ್ಯಾದಿಯ ಮುಂದಿನ ಎರಡು ಹಲ್ಲು ಮುರಿದಿರುತ್ತವೆ.'

ಎರಡಲ್ಲ ರೈಟರ್ರೇ, ಮೂರು. ತಿದ್ದಿ! ಸುಳ್ಳು ಲೆಕ್ಕಕ್ಕೆ ನಾನು ಸಹಿ ಹಾಕೋದಿಲ್ಲ.